ತೊಂಬತ್ತಾರು ಹೆಜ್ಜೆಯ ಧ್ವನಿ

ನನಗೆ ತೊಂಬತ್ತಾರು ಬಂದಿದೆ. ಇದನ್ನು ನಾನು ಯಾರಿಗೂ ಹೇಳಿಕೊಳ್ಳಬೇಕಾಗಿಲ್ಲ, ಬಾಯಿ ಬಿಟ್ಟರೆ ಸಾಕು, ಊರಿಗೇ ಗೊತ್ತಾಗುತ್ತದೆ. ನಾನು ಆಡಿದ ಮಾತು ತೊಂಬತ್ತಾರು ಹೆಜ್ಜೆ ದೂರ ಹೋಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಯಾರೇ ಇರಲಿ, ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಕಿರುಚಿದರೂ ಅಷ್ಟೇ, ಪಿಸುಗುಟ್ಟಿದರೂ ಅಷ್ಟೇ. ತೊಂಬತ್ತೇಳನೆಯ ಹೆಜ್ಜೆಯಲ್ಲಿ ನಿಂತವನಿಗೆ ಮಾತ್ರ ನಾನು ಸುಮ್ಮನೆ ತುಟಿ ಅಲ್ಲಾಡಿಸುವ ಹೆಂಗಸು.

ನಮ್ಮೂರಿನಲ್ಲಿ ಎಲ್ಲರದೂ ಹೀಗೆಯೇ. ಹದಿನೈದು ತುಂಬಿದ ವರ್ಷ ಪರೀಕ್ಷೆಗೆ ಕೂರುತ್ತೇವೆ. ಒಂದು ಬೆಳಿಗ್ಗೆ, ಮೂರು ಗಂಟೆ ಹೊತ್ತು, ನೂರು ಅಂಕ. ಎಷ್ಟು ಅಂಕವೋ ಅಷ್ಟು ಹೆಜ್ಜೆ, ಬದುಕಿರುವವರೆಗೆ. ಕೂರದೆ ತಪ್ಪಿಸಿಕೊಂಡವರಿಗೆ ಸೊನ್ನೆ. ಅದಕ್ಕೆ ಮುಂಚೆ ಮಕ್ಕಳ ಧ್ವನಿಗೆ ಅಳತೆಯಿಲ್ಲ, ಎಲ್ಲಿಯವರೆಗೆ ಕೂಗಬಲ್ಲರೋ ಅಲ್ಲಿಯವರೆಗೆ ಕೇಳಿಸುತ್ತದೆ. ಹಾಗಾಗಿ ಕಡಿಮೆ ಅಂಕದವರ ಮನೆಗಳಲ್ಲಿ ದೂರದವರನ್ನು ಕರೆಯುವುದು, ಬೀದಿಯಲ್ಲಿ ಹೋಗುವ ಸೊಪ್ಪಿನವಳನ್ನು ನಿಲ್ಲಿಸುವುದು, ಜಗಳವಾದಾಗ ಎದುರುಮನೆಗೆ ಉತ್ತರ ಕೊಡುವುದು ಎಲ್ಲವೂ ಮಕ್ಕಳ ಕೆಲಸ. ಮಗು ಚಿಕ್ಕದಿರುವವರೆಗೆ ಆ ಮನೆಗೊಂದು ಬಾಯಿ ಇರುತ್ತದೆ.

ಜನ ಹೇಗೋ ಹೊಂದಿಕೊಂಡಿದ್ದಾರೆ. ಇಪ್ಪತ್ತರ ಒಳಗಿನವರು ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿಕೊಳ್ಳುತ್ತಾರೆ. ಸಂತೆಯಲ್ಲಿ ಕಡಿಮೆ ಅಂಕದ ವ್ಯಾಪಾರಿಗಳು ಕೈಯಲ್ಲೊಂದು ಗಂಟೆ ಹಿಡಿದಿರುತ್ತಾರೆ. ಐವತ್ತು ಅರವತ್ತರವರು ನೆಮ್ಮದಿಯಿಂದಿದ್ದಾರೆ, ಅವರ ವಿಷಯ ಬಿಡಿ. ತೊಂಬತ್ತು ದಾಟಿದ ನಾವು ಊರಿನಲ್ಲಿ ಏಳು ಜನ. ನಮ್ಮ ಮೇಲೆ ಒಂದು ಹೊಣೆಯಿದೆ. ಅದಕ್ಕೆ ದಾಟಿಸುವುದು ಎನ್ನುತ್ತಾರೆ. ಮದುವೆಯ ಮಾತುಕತೆ, ಪಾಲಿನ ಪಂಚಾಯಿತಿ, ಸತ್ತವರ ಮನೆಯ ನಾಲ್ಕು ಮಾತು, ಎಲ್ಲಿ ಕಡಿಮೆ ಅಂಕದವರು ಹತ್ತು ಜನಕ್ಕೆ ಏನಾದರೂ ಹೇಳಬೇಕೋ ಅಲ್ಲಿ ನಾವು ಅವರ ಪಕ್ಕ ನಿಂತು ಅವರು ಹೇಳಿದ್ದನ್ನು ಮತ್ತೆ ಹೇಳಬೇಕು. ಅವರು ‘ನಾನು’ ಎಂದರೆ ನಾವೂ ‘ನಾನು’ ಎನ್ನಬೇಕು. ಒಂದಕ್ಷರ ಸೇರಿಸಬಾರದು, ಒಂದಕ್ಷರ ಬಿಡಬಾರದು. ಕರೆದರೆ ಬರುವುದಿಲ್ಲ ಎನ್ನುವ ಹಾಗಿಲ್ಲ.

ಮೂವತ್ತೈದು ವರ್ಷ ನಾನು ಈ ಕೆಲಸ ಮಾಡಿದ್ದೇನೆ. ನನ್ನ ಬಾಯಿಂದ ನಾನು ಎಷ್ಟೋ ಸಲ ಮದುವೆಗೆ ಒಪ್ಪಿದ್ದೇನೆ, ಎರಡು ಸಲ ಗಂಡನನ್ನು ಬಿಟ್ಟಿದ್ದೇನೆ, ಒಮ್ಮೆ ಕೋಳಿ ಕದ್ದದ್ದನ್ನು ಒಪ್ಪಿಕೊಂಡಿದ್ದೇನೆ. ದಾಕ್ಷಾಯಣಮ್ಮ ದಾಟಿಸಿದರೆ ಒಂದು ಕೆಮ್ಮೂ ತಪ್ಪುವುದಿಲ್ಲ ಎಂದು ಊರು ಹೇಳುತ್ತಿತ್ತು. ಆ ಹೊಗಳಿಕೆ ಕೇಳಲು ನನಗೆ ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ನನ್ನದೇ ಮಾತು ಎನ್ನುವುದು ಮಾತ್ರ ಬಹಳ ಇರಲಿಲ್ಲ. ನನ್ನ ಮನೆಯ ಸುತ್ತ ತೊಂಬತ್ತಾರು ಹೆಜ್ಜೆಯೊಳಗೆ ನಲವತ್ತೊಂದು ಮನೆಗಳಿವೆ. ನನಗೆ ಗುಟ್ಟು ಹೇಳಲು ಯಾರೂ ಬರುವುದಿಲ್ಲ. ಅವರು ಹೇಳುವುದೇನೋ ಮೆಲ್ಲಗೆ ಹೇಳಬಹುದು, ನಾನು ‘ಅಯ್ಯೋ ಹೌದಾ, ಯಾವಾಗ ಬಸಿರು ತೆಗೆಸಿದರು’ ಎಂದು ಕೇಳಿದರೆ ಮುಗಿಯಿತು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಶೇಷಗಿರಿ ಎಂಬ ಒಬ್ಬನಿದ್ದ. ಇಪ್ಪತ್ತಮೂರು ಹೆಜ್ಜೆಯವನು, ಅಂಚೆ ಹಂಚುತ್ತಿದ್ದ. ನೀರಿನ ತೊಟ್ಟಿಯ ಹಿಂದೆ, ಸುತ್ತ ಯಾರೂ ಇಲ್ಲದ್ದು ನೋಡಿ, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ನಾನು ‘ಆಗಲಿ’ ಎಂದೆ. ಮೂರೇ ಅಕ್ಷರ. ಮಗ ತೊಟ್ಟಿಯ ಹಿಂದೆ ಹೋದದ್ದನ್ನು ಆಚೆ ಬೀದಿಯಲ್ಲಿ ಹಪ್ಪಳ ಒಣಗಿಸುತ್ತ ನೋಡಿದ್ದ ಅವನ ತಾಯಿಗೆ ಅದು ಕೇಳಿಸಿತು, ಅವಳ ಅಕ್ಕತಂಗಿಯರಿಗೂ ಕೇಳಿಸಿತು, ನಕ್ಕವರು ನಕ್ಕರು. ವಾರದೊಳಗೆ ಅವನಿಗೆ ಬೇರೆ ಹೆಣ್ಣು ನಿಶ್ಚಯವಾಯಿತು. ಮನೆಯ ವಿಷಯವೆಲ್ಲ ಬೀದಿಗೆ ಬೀಳುವ ಸೊಸೆ ಯಾರಿಗೆ ಬೇಕು. ಅವರದೂ ತಪ್ಪೆನ್ನಲಾರೆ.

ಆದರೂ ನಾನು ಪರೀಕ್ಷೆಯನ್ನು ಬೈದವಳಲ್ಲ. ನನ್ನ ಅಪ್ಪ ದೊಡ್ಡ ಮನೆಯೊಂದರಲ್ಲಿ ಅಡುಗೆ ಮಾಡುತ್ತಿದ್ದ. ಆರು ಹೆಜ್ಜೆಯವನು. ಸಾರು ಚೆಲ್ಲಿದರೆ ಅವನನ್ನು ಬೈಯಲು ಮನೆಯ ಯಜಮಾನ ಹತ್ತಿರ ಬರುತ್ತಿರಲಿಲ್ಲ, ಜಗುಲಿಯಿಂದಲೇ ಬೈಯುತ್ತಿದ್ದ. ಅಪ್ಪ ಕೊಡುತ್ತಿದ್ದ ಉತ್ತರ ಒಲೆಯ ಹತ್ತಿರವೇ ಉಳಿಯುತ್ತಿತ್ತು. ಅಂಥವನ ಮಗಳಿಗೆ ತೊಂಬತ್ತಾರು ಬಂದ ದಿನ ಆ ಯಜಮಾನ ಜಗುಲಿಯಿಂದ ಎದ್ದು ನಿಂತ. ಪ್ರಶ್ನೆಪತ್ರಿಕೆ ನನ್ನನ್ನು ಯಾರ ಮಗಳೆಂದು ಕೇಳಲಿಲ್ಲ. ಊರಿನಲ್ಲಿ ನನ್ನನ್ನು ಹಾಗೆ ಕೇಳದೆ ಇದ್ದದ್ದು ಅದೊಂದೇ.

ನನ್ನ ಮನೆಗೆ ಬರುತ್ತಿದ್ದವಳು ರೋಹಿಣಿ ಒಬ್ಬಳು. ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಪುಟ್ಟಗೌರಿಯ ಮಗಳು. ತಾಯಿಗೆ ಹನ್ನೊಂದು, ತಂದೆ ಸಣ್ಣತಿಮ್ಮನಿಗೆ ಒಂಬತ್ತು. ಸಣ್ಣತಿಮ್ಮ ಹಳ್ಳದ ಆಚೆ ದಡದಲ್ಲಿ ಇಟ್ಟಿಗೆ ಕೊಯ್ಯುತ್ತಿದ್ದ. ಹಳ್ಳದ ಅಗಲ ಅರವತ್ತು ಹೆಜ್ಜೆ. ದಾಟಬೇಕೆಂದರೆ ಕೆಳಗೆ ಅರ್ಧ ಮೈಲಿ ನಡೆದು ಕಲ್ಲುಸಾಲಿನ ಮೇಲೆ ಹಾದುಹೋಗಬೇಕು. ಮಧ್ಯಾಹ್ನ ಅಡುಗೆಯಾದ ಮೇಲೆ ರೋಹಿಣಿ ಈಚೆ ದಡಕ್ಕೆ ಬಂದು ‘ಅಪ್ಪಾ, ಊಟಕ್ಕೆ ಬಾ’ ಎಂದು ಕೂಗುತ್ತಿದ್ದಳು. ಆರನೆಯ ವಯಸ್ಸಿನಿಂದ ಅವಳದೇ ಈ ಕೆಲಸ. ಮಳೆಗಾಲದಲ್ಲಿ ಮೇಲಿನಿಂದ ನೀರು ಬರುತ್ತಿದೆ ಎಂದು ಎಚ್ಚರಿಸುತ್ತಿದ್ದವಳೂ ಅವಳೇ. ಒಮ್ಮೆ ಹಾಗೆ ಕೂಗಿ ಅಪ್ಪನನ್ನೂ ಅವನ ಜೊತೆಗಿದ್ದ ನಾಲ್ವರನ್ನೂ ಉಳಿಸಿದ್ದಳು.

ಅವಳು ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದಳು. ಪಾಠವೆಂದರೆ ನಲವತ್ತೊಂದು ಮನೆಗೂ ಪಾಠ. ನಾನು ಗುಣಾಕಾರ ಹೇಳಿಕೊಡುವಾಗ ತಪ್ಪಿದರೆ ಎದುರುಮನೆಯ ನಿವೃತ್ತ ಶಾನುಭೋಗರು ತಮ್ಮ ಪಡಸಾಲೆಯಿಂದಲೇ ‘ಏಳು ಕೈಲಿ ಉಳೀತಮ್ಮಾ’ ಎನ್ನುತ್ತಿದ್ದರು. ರೋಹಿಣಿ ತುಟಿ ಕಚ್ಚಿಕೊಂಡು ನಗುತ್ತಿದ್ದಳು. ಪಾಠ ಮುಗಿದ ಮೇಲೆ ನಾನು ಸುಮ್ಮನಾಗುತ್ತಿದ್ದೆ, ಅವಳು ಮಾತಾಡುತ್ತಿದ್ದಳು. ಉತ್ತರ ಕೊಡಬೇಕಾದಲ್ಲಿ ನಾನು ಸ್ಲೇಟಿನಲ್ಲಿ ಬರೆಯುತ್ತಿದ್ದೆ. ಯಾವ ಹುಡುಗ ಇವಳನ್ನು ನೋಡಿ ಸೈಕಲ್ಲಿನಿಂದ ಬಿದ್ದ, ಅಮ್ಮ ಯಾವ ರವಿಕೆಯನ್ನು ಉಲ್ಟಾ ಹೊಲಿದಳು, ಇಂಥವೇ. ಸಂಜೆ ನಾಲ್ಕಾದರೆ ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ. ಅವಳು ಬಾರದ ದಿನ ನನಗೆ ಅನ್ನ ಸೇರುತ್ತಿರಲಿಲ್ಲ.

ಹುಡುಗಿ ದಡ್ಡಿಯಲ್ಲ. ಬಾಯಲ್ಲಿ ಕೇಳಿದರೆ ಎಲ್ಲವನ್ನೂ ಹೇಳುತ್ತಿದ್ದಳು, ಕೆಲವನ್ನು ನನಗಿಂತ ಚೆನ್ನಾಗಿ. ಕಾಗದ ಮುಂದಿಟ್ಟರೆ ಮಾತ್ರ ಮೊದಲನೆಯ ಪ್ರಶ್ನೆಯಲ್ಲೇ ಕೂತುಬಿಡುತ್ತಿದ್ದಳು. ಬರೆದದ್ದು ಸರಿಯಿದೆ ಎಂದು ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಅಳಿಸುವುದು, ಮತ್ತೆ ಬರೆಯುವುದು, ಮತ್ತೆ ಅಳಿಸುವುದು. ಗಡಿಯಾರ ಮುಂದಿಟ್ಟು ಬರೆಸಿದರೆ ಮೂರು ಗಂಟೆಯಲ್ಲಿ ನಾಲ್ಕು ಉತ್ತರ, ನಾಲ್ಕೂ ಮುತ್ತಿನಂಥವು. ನಾನು ಬೈದೆ, ರಮಿಸಿದೆ, ಕೈಯಿಂದ ರಬ್ಬರ್ ಕಿತ್ತುಕೊಂಡೆ. ರಬ್ಬರ್ ಇಲ್ಲದಿದ್ದರೆ ಬೆರಳಿಗೆ ಎಂಜಲು ಹಚ್ಚಿ ಉಜ್ಜುತ್ತಿದ್ದಳು.

ರೋಹಿಣಿಗೆ ಹದಿನೈದು ತುಂಬಿದ ಆ ವರ್ಷವೇ ಪುಟ್ಟಗೌರಿ ಪರೀಕ್ಷೆ ನಿಲ್ಲಿಸಬೇಕೆಂದು ಅರ್ಜಿ ಕೊಟ್ಟಳು. ಹಿಂದಿನ ವರ್ಷ ಜ್ವರದಲ್ಲಿ ಬರೆದ ಒಬ್ಬ ಹುಡುಗನಿಗೆ ಎರಡು ಬಂದಿತ್ತು. ಅವನ ಮಾತು ಕೇಳಬೇಕಾದವರು ಕೈಗೆಟುಕುವಷ್ಟು ಹತ್ತಿರ ಬಂದು ನಿಲ್ಲಬೇಕಾಗಿತ್ತು. ಅದನ್ನು ನೋಡಿ ಊರಿನಲ್ಲಿ ಒಂದಷ್ಟು ಜನ ಆಗಲೇ ಗೊಣಗುತ್ತಿದ್ದರು. ಅರ್ಜಿಗೆ ನೂರು ಹೆಬ್ಬೆಟ್ಟು, ಸಹಿಗಳು ಬಿದ್ದವು. ನೂರು ಬಿದ್ದರೆ ಸಭೆ ಕರೆಯಲೇಬೇಕು. ಸಭೆಯಲ್ಲಿ ಕಾಗದ ಓದುವ ಹಾಗಿಲ್ಲ, ಬಾಯಲ್ಲೇ ಹೇಳಬೇಕು, ಕೇಳಿಸಿಕೊಂಡವರು ಕೈ ಎತ್ತಬೇಕು. ಒಮ್ಮೆ ತೀರ್ಮಾನವಾದರೆ ಏಳು ವರ್ಷ ಅದೇ ಮಾತು.

ಪುಟ್ಟಗೌರಿ ನನ್ನ ಮನೆಗೆ ಬಂದಳು. ಅವಳು ನನ್ನ ಹೊಸಿಲು ತುಳಿದದ್ದು ಅದೇ ಮೊದಲು.

“ಅಕ್ಕಾ, ನೀವೇ ದಾಟಿಸ್ಬೇಕು,” ಎಂದಳು. “ಬೇರೆಯವ್ರು ನನ್ ಮಾತಿಗೆ ನೀರು ಬೆರೆಸ್ತಾರೆ. ನೀವು ಪರೀಕ್ಷೆ ಕಡೆಯವ್ರು ಅಂತ ನಂಗೊತ್ತು. ಆದ್ರೂ ನೀವು ಒಂದಕ್ಷರಾನೂ ಬಿಡಲ್ಲ.”

ನಾನು ಸ್ಲೇಟು ತೆಗೆದು ‘ಬರುತ್ತೇನೆ’ ಎಂದು ಬರೆದೆ. ಅವಳು ಓದಿ ತಲೆಯಾಡಿಸಿದಳು.

“ರೋಹಿಣಿಗೆ ಹತ್ತು ಹದಿನೈದರ ಮೇಲೆ ಬರಲ್ಲ ಅಕ್ಕ. ನಿಮಗೂ ಗೊತ್ತಿದೆ. ಅವಳೂ ಹಂಗಾದ್ರೆ ನಮ್ಮನೆಯಿಂದ ಆಚೆಗೆ ಇನ್ನು ಒಂದು ಮಾತು ಹೋಗಲ್ಲ.”

ಅವಳು ಎದ್ದು ಹೋಗುವಾಗ ನನ್ನ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಒಂದೇ ತಟ್ಟೆ ಬೋರಲು ಹಾಕಿತ್ತು. ಅವಳ ನೋಟ ನನಗೆ ಹಿಡಿಸಲಿಲ್ಲ.

ಸಭೆ ಭಾನುವಾರ ಬೆಳಿಗ್ಗೆ, ಶಾಲೆಯ ಬಯಲಿನಲ್ಲಿ. ಎಂಟುನೂರು ಜನಕ್ಕೆ ಕಡಿಮೆಯಿಲ್ಲ. ಕಡಿಮೆ ಅಂಕದವರು ಮುಂದೆ ಕೂರುವುದು ವಾಡಿಕೆ. ಅವರು ತಮ್ಮತಮ್ಮಲ್ಲೇ ಆಡುವ ಮಾತು ಹಿಂದಿನವರಿಗೆ ಕೇಳಿಸದ ಕಾರಣ ಗಲಾಟೆಯಾಗುವುದಿಲ್ಲ. ಹಿಂದೆ ಐವತ್ತು, ಅರವತ್ತು, ಎಂಬತ್ತರವರು ಕುರ್ಚಿ ಹಾಕಿಕೊಂಡಿದ್ದರು. ಅವರ ನಡುವೆ ಕೂತಿದ್ದ ಹಳೆಯ ಹೆಡ್‌ಮಾಸ್ತರು ವೃಷಭೇಂದ್ರಪ್ಪನವರು ಅಧ್ಯಕ್ಷರು. ಎಂಬತ್ತೆಂಟು ಹೆಜ್ಜೆಯವರು, ಅದರಲ್ಲಿ ಒಂದು ಹೆಜ್ಜೆಯನ್ನೂ ವ್ಯರ್ಥ ಮಾಡಿದವರಲ್ಲ.

“ಪರೀಕ್ಷೆ ಬರೋದಕ್ಕೆ ಮುಂಚೆ ಏನಿತ್ತು ಅನ್ನೋದು ನಿಮಗೆಲ್ಲ ಮರೆತುಹೋಗಿದೆ,” ಎಂದರು ಅವರು. “ಯಾರ ಮನೆ ಮಹಡಿ ಎತ್ತರವೋ ಅವರ ಮಾತು ಊರಿಗೆಲ್ಲ ಕೇಳಿಸ್ತಿತ್ತು. ಉಳಿದವರು ಹುಟ್ಟಿದ ದಿನದಿಂದಲೇ ಮೂಕರು. ನಮ್ಮಜ್ಜ ಅಂಥ ಮೂಕ. ಇವತ್ತು ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಹೊತ್ತು. ಜ್ವರ ಬರುತ್ತೆ, ಒಪ್ತೀನಿ. ಕೈ ನಡುಗುತ್ತೆ, ಒಪ್ತೀನಿ. ಅದಕ್ಕೇ ಅಂತ ಅಳತೇನೇ ಬೇಡ ಅಂದ್ರೆ, ನಾಳೆ ಮತ್ತೆ ಮಹಡಿ ಮನೆಯವರೇ ಮಾತಾಡ್ತಾರೆ. ಆವಾಗ ನೀವು ಯಾರ ಹತ್ರ ಅರ್ಜಿ ತಗೊಂಡು ಹೋಗ್ತೀರಿ?”

ಅವರ ಮಾತು ಸುಳ್ಳಲ್ಲ. ನನ್ನ ಅಪ್ಪ ನೆನಪಾದ. ನಾನು ಒಳಗೊಳಗೇ ತಲೆದೂಗಿದೆ.

ಆಮೇಲೆ ಪುಟ್ಟಗೌರಿ ಎದ್ದು ನಿಂತಳು. ಇಸ್ತ್ರಿ ಮಾಡಿದ ಹಸಿರು ಸೀರೆ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಅಂಗುಸ್ತಾನ ತೆಗೆಯಲು ಮರೆತಿದ್ದಳು. ನಾನು ಅವಳ ಎಡಕ್ಕೆ ಒಂದು ಹೆಜ್ಜೆಯಲ್ಲಿ ನಿಂತೆ. ಅವಳು ಒಂದು ವಾಕ್ಯ, ನಾನು ಒಂದು ವಾಕ್ಯ.

“ನಂಗೆ ಹನ್ನೊಂದು,” ಎಂದಳು. ನಂಗೆ ಹನ್ನೊಂದು ಎಂದೆ, ತೊಂಬತ್ತಾರು ಹೆಜ್ಜೆಯವರೆಗೆ.

“ಅದಕ್ಕೆ ನಾನು ಯಾರನ್ನೂ ಬೈಯೋಕೆ ಬಂದಿಲ್ಲ. ನನ್ ಮಗಳಿಗೆ ಎಲ್ಲ ಬರುತ್ತೆ. ಕಾಗದದ ಮುಂದೆ ಮಾತ್ರ ಕೈ ನಿಂತುಹೋಗುತ್ತೆ. ಒಂದು ಬೆಳಿಗ್ಗೆ ಅವಳು ಏನು ಬರೆದ್ಲು ಅಂತ ನೋಡಿ, ಇನ್ನೈವತ್ತು ವರ್ಷ ಅವಳು ಯಾರ ಜೊತೆ ಮಾತಾಡ್ಬಹುದು ಅಂತ ಹೇಳ್ಬಿಡ್ತೀರಿ. ನಾನು ಒಂದು ರವಿಕೆ ಹೊಲಿಯೋಕೂ ನಾಲ್ಕು ಸಲ ಅಳತೆ ತಗೋತೀನಿ.”

ದಾಟಿಸಿದೆ. ಹಿಂದಿನ ಕುರ್ಚಿಗಳಲ್ಲಿ ಯಾರೋ ನಕ್ಕರು, ಒಳ್ಳೆಯ ನಗುವೇ. ಸಭೆ ಅವಳ ಕಡೆಗೆ ವಾಲುತ್ತಿದೆ ಎಂದು ನನಗೆ ಗೊತ್ತಾಯಿತು. ಇಷ್ಟು ವರ್ಷ ದಾಟಿಸಿದವಳಿಗೆ ಜನರ ಮುಖ ಓದಲು ಬರುತ್ತದೆ. ಆಗ ಹಿಂದಿನಿಂದ ಒಬ್ಬರು ಎದ್ದು ಹೇಳಿದರು, ಅಂಕ ಬಾರದವರು ಅಂಕವೇ ಬೇಡ ಎನ್ನುವುದು ಹೊಟ್ಟೆಕಿಚ್ಚು ಎಂದು. ಮುಖಗಳು ಮತ್ತೆ ಗಟ್ಟಿಯಾದವು.

ಪುಟ್ಟಗೌರಿ ಅವರಿಗೆ ಉತ್ತರ ಕೊಟ್ಟಳು. ನನ್ನ ಕಡೆ ನೋಡಲಿಲ್ಲ, ನೇರ ಮುಂದೆ ನೋಡುತ್ತ ಹೇಳಿದಳು.

“ಹೊಟ್ಟೆಕಿಚ್ಚಲ್ಲ. ತೊಂಬತ್ತಾರು ಬಂದೋರು ಏನು ಸುಖವಾಗಿದಾರೆ? ಈ ದಾಕ್ಷಾಯಣಮ್ಮನ್ನೇ ನೋಡಿ. ಊರಿನೋರ ಮಾತೆಲ್ಲ ಆಡ್ತಾರೆ. ಅವ್ರ ಜೊತೆ ಮಾತಾಡೋರು ಒಬ್ರೂ ಇಲ್ಲ. ಅವ್ರ ಮನೇಲಿ ಒಂದೇ ತಟ್ಟೆ ಇದೆ. ಈ ಪರೀಕ್ಷೆ ನಮ್ಮನ್ನೂ ಒಂಟಿ ಮಾಡಿದೆ, ಅವರನ್ನೂ ಮಾಡಿದೆ.”

ನನ್ನ ಸರದಿ. ಎಂಟುನೂರು ಜನ ನನ್ನ ಬಾಯಿ ನೋಡುತ್ತಿದ್ದರು.

ಅವಳು ಕೆಟ್ಟದ್ದಕ್ಕೆ ಹೇಳಲಿಲ್ಲ. ಅವಳ ಧ್ವನಿಯಲ್ಲಿ ಕನಿಕರವಿತ್ತು, ಅದೇ ನನ್ನನ್ನು ಕೊಂದದ್ದು. ಬೈದಿದ್ದರೆ ಅಕ್ಷರ ಬಿಡದೆ ದಾಟಿಸುತ್ತಿದ್ದೆ, ನನ್ನನ್ನೇ ಬೈದ ಮಾತನ್ನು ಹಿಂದೆ ಎರಡು ಸಲ ದಾಟಿಸಿದ್ದೇನೆ. ಅಡುಗೆಯವನ ಮಗಳು ಮೇಲೆ ಬಂದಳು ಎಂದು ಊರು ಒಪ್ಪಿಕೊಂಡದ್ದು ಆ ತೊಂಬತ್ತಾರರಿಂದ. ನನ್ನ ಹತ್ತಿರ ಇದ್ದದ್ದೇ ಅದು. ಅದೂ ಬರಿದು ಎಂದು ನನ್ನ ಬಾಯಿಂದಲೇ, ಶಾನುಭೋಗರೂ ವೃಷಭೇಂದ್ರಪ್ಪನವರೂ ಶೇಷಗಿರಿಯ ಹೆಂಡತಿಯೂ ಕೇಳುವಂತೆ ಹೇಳಬೇಕಾಗಿತ್ತು.

“ಹೊಟ್ಟೆಕಿಚ್ಚಲ್ಲ,” ಎಂದೆ. ಅಷ್ಟಕ್ಕೇ ನಿಲ್ಲಿಸಿದೆ.

ಹನ್ನೊಂದು ಹೆಜ್ಜೆಯೊಳಗೆ ಕೂತಿದ್ದವರಿಗೆ ಅವಳ ಮಾತು ಪೂರ್ತಿ ಕೇಳಿಸಿತ್ತು. ಮೂವತ್ತು ಜನ ಇದ್ದಿರಬೇಕು. ಅವರು ಒಮ್ಮೆಲೇ ಎದ್ದು ನಿಂತು ಕೂಗತೊಡಗಿದರು. ಬಿಟ್ಟರು, ದಾಕ್ಷಾಯಣಮ್ಮ ಬಿಟ್ಟರು, ಪೂರ್ತಿ ಹೇಳಲಿಲ್ಲ. ಎಲ್ಲರೂ ಏಳು, ಹತ್ತು, ಹನ್ನೆರಡರವರು. ಅವರ ಕೂಗು ಒಬ್ಬರಿಂದೊಬ್ಬರಿಗೆ ತಾಗಿ ಅಲ್ಲಲ್ಲೇ ನಿಂತಿತು. ಹಿಂದಿನವರಿಗೆ ಕಂಡದ್ದು ಮುಂದಿನ ಸಾಲಿನವರು ಕೈ ಆಡಿಸುತ್ತಿರುವುದು ಮಾತ್ರ. ಅವಳಿಗೆ ಬೆಂಬಲ ಕೊಡುತ್ತಿದ್ದಾರೆ ಎಂದುಕೊಂಡಿರಬೇಕು. ವೃಷಭೇಂದ್ರಪ್ಪನವರು “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದರು. ನನಗೆ ಎಲ್ಲವೂ ಕೇಳಿಸುತ್ತಿತ್ತು. ಆ ಕೂಗು ಕೇಳಿಸುವಷ್ಟು ಹತ್ತಿರವಿದ್ದು ಅದನ್ನು ಹಿಂದಕ್ಕೆ ದಾಟಿಸಬಲ್ಲವಳು ನಾನೊಬ್ಬಳೇ, ಮತ್ತು ನಾನು ಸುಮ್ಮನೆ ನಿಂತಿದ್ದೆ.

ಕೈ ಎಣಿಸಿದರು. ಹದಿನಾಲ್ಕು ಕೈಗಳ ಅಂತರದಿಂದ ಪರೀಕ್ಷೆ ಉಳಿಯಿತು.

ಬಿಟ್ಟ ನಾಲ್ಕು ಮಾತಿನಿಂದ ಎಂಟು ಕೈ ಆ ಕಡೆಯಿಂದ ಈ ಕಡೆ ತಿರುಗುತ್ತಿದ್ದವೇ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ತಿರುಗುತ್ತಿರಲಿಲ್ಲ ಎಂದು ಒಂದು ದಿನ ಅನ್ನಿಸುತ್ತದೆ, ಅಂದು ಎರಡು ತುತ್ತು ಹೆಚ್ಚು ಉಣ್ಣುತ್ತೇನೆ. ಮಾರನೆಯ ದಿನ ಹಿಂದಿನ ಕುರ್ಚಿಗಳಲ್ಲಿ ಕೂತಿದ್ದವರು ಕಣ್ಣ ಮುಂದೆ ಬರುತ್ತಾರೆ. ಅವರಲ್ಲಿ ಎಂಬತ್ತೊಂದು ಹೆಜ್ಜೆಯ ಒಬ್ಬಾಕೆ ಮಗಳೊಡನೆ ಮಾತು ಬಿಟ್ಟು ವರ್ಷಗಳಾಗಿವೆ, ಎಂಬತ್ತೇಳರ ಇನ್ನೊಬ್ಬರು ಮನೆಯಲ್ಲಿ ಕೈಸನ್ನೆಯಲ್ಲೇ ಬದುಕುತ್ತಿದ್ದಾರೆ. ಪುಟ್ಟಗೌರಿಯ ಆ ಮಾತು ಅವರಿಗೇ ಹೇಳಿದ್ದಾಗಿತ್ತು. ಅವಳು ಆಡಿದ್ದರಲ್ಲಿ ಅವರನ್ನು ಮುಟ್ಟುವ ಮಾತು ಅದೊಂದೇ ಇತ್ತು.

ಜನ ಚದುರಿದ ಮೇಲೆ ಪುಟ್ಟಗೌರಿ ನನ್ನ ಹತ್ತಿರ ಬಂದಳು. ಜಗಳಕ್ಕೆ ಬಂದಳು ಎಂದುಕೊಂಡೆ, ಜಗಳವಾಡಿದ್ದರೆ ಚೆನ್ನಾಗಿತ್ತು.

“ಬಿಟ್ರಲ್ಲ ಅಕ್ಕ,” ಎಂದಳು.

ನಾನು ಉತ್ತರ ಕೊಡಲಿಲ್ಲ. ಕೊಟ್ಟರೆ ಬಯಲಿನಲ್ಲಿ ಉಳಿದವರಿಗೆಲ್ಲ ಕೇಳಿಸುತ್ತಿತ್ತು. ಅವಳು ಹೊರಟುಹೋದಳು.

ಅಂದಿನಿಂದ ರೋಹಿಣಿ ಬರಲಿಲ್ಲ. ಪರೀಕ್ಷೆಗೆ ಇಪ್ಪತ್ತೆರಡು ದಿನ ಇತ್ತು. ನಾಲ್ಕು ಗಂಟೆಗೆ ನಾನು ಬಾಗಿಲು ತೆರೆದಿಟ್ಟು ಪುಸ್ತಕ ಹರಡಿಕೊಂಡು ಕೂರುತ್ತಿದ್ದೆ. ಒಂದು ಸಂಜೆ ತಡೆಯಲಾರದೆ, ಯಾರೂ ಇಲ್ಲದ ಕೋಣೆಯಲ್ಲಿ, ಬಡ್ಡಿ ಲೆಕ್ಕ ಮಾಡುವ ಬಗೆಯನ್ನು ಮೊದಲಿನಿಂದ ಕೊನೆಯವರೆಗೆ ಜೋರಾಗಿ ಹೇಳಿದೆ. ಅವಳ ಮನೆ ತೊಂಬತ್ತಾರು ಹೆಜ್ಜೆಯೊಳಗೇ ಇದೆ, ಕೇಳಿಸಿರುತ್ತದೆ. ಮಾರನೆಯ ದಿನದಿಂದ ದಿನಕ್ಕೊಂದು ಪಾಠ ಹೇಳಿದೆ. ‘ಮೊದಲನೇ ಪ್ರಶ್ನೆಯಲ್ಲಿ ಕೂರಬೇಡ, ಬರೆದದ್ದನ್ನು ಅಳಿಸಬೇಡ, ಮುಂದಕ್ಕೆ ಹೋಗು’ ಎಂದು ಕೊನೆಗೆ ಸೇರಿಸುತ್ತಿದ್ದೆ. ಶಾನುಭೋಗರು ಒಮ್ಮೆಯೂ ತಿದ್ದಲಿಲ್ಲ. ಅವರ ಕಿಟಕಿ ಮುಚ್ಚಿತ್ತು.

ಫಲಿತಾಂಶದ ದಿನ ಶಾಲೆಯ ಗೋಡೆಗೆ ಹಾಳೆ ಅಂಟಿಸಿದ ಕೂಡಲೇ ಧ್ವನಿಗಳು ಅಳತೆಗೆ ಬರುತ್ತವೆ. ಮಕ್ಕಳೆಲ್ಲ ಗೋಡೆಯ ಹತ್ತಿರ ನೆರೆದಿದ್ದರು. ನಾನು ರಸ್ತೆಯ ಆಚೆ ಬದಿಯಲ್ಲಿ, ಮೂವತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ರೋಹಿಣಿ ಗೆಳತಿಯರಿಗೆ ಏನೋ ಹೇಳುತ್ತಿದ್ದಳು, ಪ್ರಶ್ನೆಪತ್ರಿಕೆಯ ಬಣ್ಣದ ಬಗ್ಗೆ, ತಮಾಷೆಗೆ. ಜವಾನ ಹಾಳೆಗೆ ಅಂಟು ಬಳಿದು ಅಂಗೈಯಲ್ಲಿ ಒತ್ತಿದ. ಅವಳು “ನಾನಂತೂ ಅಳಿಸ್ಲೇ ಇಲ್ಲ ಕಣೇ, ಆದ್ರೂ ನಾಲ್ಕನೇ—” ಎಂದಳು, ಮುಂದೆ ಬರೀ ತುಟಿ ಅಲ್ಲಾಡಿತು. ಅವಳಿಗೆ ತಕ್ಷಣ ಗೊತ್ತಾಗಲಿಲ್ಲ. ಹೇಳುತ್ತಲೇ ಇದ್ದಳು, ನಗುತ್ತಲೂ ಇದ್ದಳು. ಪಕ್ಕದ ಹುಡುಗಿ ಅವಳ ಕೈ ಹಿಡಿದಳು.

ಹದಿನೇಳು.

ಜೂನ್ ತಿಂಗಳ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಶಬ್ದವಾಯಿತು. ರೋಹಿಣಿ ನಿಂತಿದ್ದಳು. ಲಂಗ ಬಿಟ್ಟು ಸೀರೆ ಉಟ್ಟಿದ್ದಳು, ಉದ್ದವಾಗಿ ಕಂಡಳು.

“ಅಪ್ಪನ್ನ ಊಟಕ್ಕೆ ಕರೀಬೇಕು. ಬನ್ನಿ,” ಎಂದಳು.

ಕರೆದರೆ ಹೋಗದಿರುವ ಹಾಗಿಲ್ಲ. ಆ ನಿಯಮ ಇರದಿದ್ದರೂ ನಾನು ಹೋಗುತ್ತಿದ್ದೆ. ಹಳ್ಳದ ದಡದವರೆಗೆ ಅವಳು ಮುಂದೆ, ನಾನು ಹಿಂದೆ. ಆಚೆ ದಡದಲ್ಲಿ ಸಣ್ಣತಿಮ್ಮ ಮಂಡಿಯವರೆಗೆ ಕೆಸರಿನಲ್ಲಿ ನಿಂತು ಮಣ್ಣು ತುಳಿಯುತ್ತಿದ್ದ.

“ಅಪ್ಪಾ, ಊಟಕ್ಕೆ ಬಾ,” ಎಂದಳು ಅವಳು, ಮೆಲ್ಲಗೆ.

“ಅಪ್ಪಾ, ಊಟಕ್ಕೆ ಬಾ,” ಎಂದೆ ನಾನು.

ಅವನು ತಲೆಯೆತ್ತಿ, ಮಗಳ ಧ್ವನಿಯ ಬದಲು ನನ್ನ ಧ್ವನಿ ಕೇಳಿ ಒಂದು ಕ್ಷಣ ತಡೆದು, ಕೈ ಬೀಸಿದ. ಐವತ್ತಮೂರು ವರ್ಷದ ಹೆಂಗಸು, ನನಗಿಂತ ಚಿಕ್ಕವನನ್ನು ಅಪ್ಪಾ ಎಂದು ಕರೆದು ಕಣ್ಣಲ್ಲಿ ನೀರು ತಂದುಕೊಂಡೆ. ನನ್ನ ಅಪ್ಪ ಸತ್ತ ಮೇಲೆ ಆ ಪದವನ್ನು ಎದುರಿಗೆ ಯಾರೋ ಇದ್ದು ಕರೆದದ್ದು ಅದೇ ಮೊದಲು.

ಹೀಗೆ ಪ್ರತಿ ಮಧ್ಯಾಹ್ನ. ಅವಳು ಅಷ್ಟು ಬಿಟ್ಟು ಬೇರೆ ಮಾತು ಆಡುತ್ತಿರಲಿಲ್ಲ. ನಾನು ಸ್ಲೇಟನ್ನು ಸೆರಗಿನಲ್ಲಿ ಮುಚ್ಚಿ ಒಯ್ಯುತ್ತಿದ್ದೆ. ಒಂದು ದಿನ ಅದರಲ್ಲಿ ‘ತಪ್ಪಾಯಿತು’ ಎಂದು ಬರೆದು ಅವಳ ಮುಂದೆ ಹಿಡಿದೆ. ಓದಿದಳು. ಮನೆಯ ಕಡೆ ಹೊರಟಳು. ಆದರೂ ಮಾರನೆಯ ದಿನ ಬಂದಳು, ಅದರ ಮಾರನೆಯ ದಿನವೂ ಬಂದಳು. ಹನ್ನೆರಡು ಗಂಟೆಯಾದರೆ ನನಗೆ ಬಾಗಿಲು ತಟ್ಟುವ ಶಬ್ದ ಬೇಕೆನ್ನಿಸುತ್ತಿತ್ತು. ಅವಳ ಸಿಟ್ಟು ಸವೆಯುತ್ತಿದೆ, ಮಳೆಗಾಲ ಮುಗಿಯುವುದರೊಳಗೆ ಪುನಃ ಒಳಗೆ ಬಂದು ಕೂರುತ್ತಾಳೆ ಎಂದು ನನ್ನಷ್ಟಕ್ಕೆ ನಾನೇ ದಿನ ಎಣಿಸಿಕೊಂಡೆ. ಹೊಸ ತಟ್ಟೆಯನ್ನೂ ತಂದಿಟ್ಟೆ.

ನಿನ್ನೆ ಮಧ್ಯಾಹ್ನ ದಡದಲ್ಲಿ ನಿಂತು ಅವಳು ಎಂದಿನಂತೆ “ಅಪ್ಪಾ” ಎಂದಳು. ನಾನೂ ಅಪ್ಪಾ ಎಂದೆ. ಆಚೆ ದಡದಲ್ಲಿ ಐದಾರು ಜನ ಕೆಲಸ ಮಾಡುತ್ತಿದ್ದರು, ಈಚೆ ದಡದಲ್ಲಿ ಬಟ್ಟೆ ಒಗೆಯುವವರಿದ್ದರು, ಮೇಲಿನ ದಾರಿಯಲ್ಲಿ ಸಂತೆಗೆ ಹೋಗುವವರು ಸಾಲಾಗಿ ಹೋಗುತ್ತಿದ್ದರು. ಸಣ್ಣತಿಮ್ಮ ತಲೆಯೆತ್ತಿದ.

“ಸಭೇಲಿ ಅಮ್ಮ ಒಂದು ಮಾತು ಹೇಳಿದ್ಲು,” ಎಂದಳು ರೋಹಿಣಿ.

ನಾನು ಅವಳ ಕಡೆ ತಿರುಗಿದೆ. ಅವಳು ನೇರ ಮುಂದೆ ನೋಡುತ್ತಿದ್ದಳು, ತಾಯಿಯ ಹಾಗೆಯೇ. ಕಾಯುತ್ತಿದ್ದಳು.

“ಸಭೇಲಿ ಅಮ್ಮ ಒಂದು ಮಾತು ಹೇಳಿದ್ಲು,” ಎಂದೆ.

“ದಾಕ್ಷಾಯಣಮ್ಮನ ಜೊತೆ ಮಾತಾಡೋರು ಒಬ್ರೂ ಇಲ್ಲ, ಪರೀಕ್ಷೆ ಅವ್ರನ್ನೂ ಒಂಟಿ ಮಾಡಿದೆ ಅಂದ್ಲು.”

ದಾಟಿಸಿದೆ. ಒಗೆಯುತ್ತಿದ್ದವರು ಕೈ ನಿಲ್ಲಿಸಿದರು. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತರು.

“ದಾಕ್ಷಾಯಣಮ್ಮ ಅದನ್ನ ದಾಟಿಸ್ಲಿಲ್ಲ. ನಾಚಿಕೆಯಾಗಿ ಬಿಟ್ಟುಬಿಟ್ರು.”

ಪಿಸುಗುಟ್ಟಿದರೂ ತೊಂಬತ್ತಾರೇ ಅಲ್ಲವೇ, ಅದೊಂದು ಅನುಕೂಲ. ದಾಕ್ಷಾಯಣಮ್ಮ ಅದನ್ನ ದಾಟಿಸ್ಲಿಲ್ಲ ಎಂದೆ. ನಾಚಿಕೆಯಾಗಿ ಬಿಟ್ಟುಬಿಟ್ರು ಎಂದೆ.

ರೋಹಿಣಿ ಜಾರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಗಿಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಎಲ್ಲ ಹೊರಗೆ ಬಂದಿತಲ್ಲ, ಇನ್ನು ಇವಳು ಮೊದಲಿನಂತಾಗುತ್ತಾಳೆ ಎಂದು ಆಸೆಯೂ ಆಯಿತು.

“ಅವ್ರ ಜೊತೆ ಮಾತಾಡೋಕೆ ನಾನಿದ್ದೆ ಅಪ್ಪ,” ಎಂದಳು. “ಪಾಠಕ್ಕಷ್ಟೇ ಹೋಗ್ತೀನಿ ಅಂತ ಅಮ್ಮ ಅಂದ್ಕೊಂಡಿದ್ಲು. ನಾನು ದಿನಾ ಅವ್ರ ಮನೆಗೆ ಹೋಗ್ತಿದ್ದೆ. ನಂಗೆ ಅವ್ರು ಅಂದ್ರೆ ತುಂಬ ಇಷ್ಟ ಇತ್ತು. ಇನ್ಮೇಲೆ ನಾನು ಹೋಗಲ್ಲ. ನಾಳೆಯಿಂದ ನಿನ್ನ ಊಟ ನಾನೇ ಕಲ್ಲುಸಾಲು ದಾಟಿ ತರ್ತೀನಿ.”

ಅವಳು ನಿಲ್ಲಿಸಿ ನನ್ನ ಸರದಿಗೆ ಕಾದಳು.

ಅವ್ರ ಜೊತೆ ಮಾತಾಡೋಕೆ ನಾನಿದ್ದೆ ಅಪ್ಪ, ಎಂದೆ. ಪಾಠಕ್ಕಷ್ಟೇ ಹೋಗ್ತೀನಿ ಅಂತ ಅಮ್ಮ ಅಂದ್ಕೊಂಡಿದ್ಲು. ನಾನು ದಿನಾ ಅವ್ರ ಮನೆಗೆ ಹೋಗ್ತಿದ್ದೆ. ನಂಗೆ ಅವ್ರು ಅಂದ್ರೆ ತುಂಬ ಇಷ್ಟ ಇತ್ತು. ಇಲ್ಲಿ ಉಸಿರು ತೆಗೆದುಕೊಂಡೆ. ಇನ್ಮೇಲೆ ನಾನು ಹೋಗಲ್ಲ, ಎಂದೆ. ಊಟದ ಮಾತನ್ನೂ ಹೇಳಿದೆ. ಒಂದಕ್ಷರ ಬಿಡಲಿಲ್ಲ.

ಸಣ್ಣತಿಮ್ಮ ಕೆಸರಿನಿಂದ ಹೊರಗೆ ಬಂದು ದಡದ ತುದಿಯವರೆಗೆ ನಡೆದ. ಕೈಯನ್ನು ಲುಂಗಿಗೆ ಒರೆಸಿಕೊಂಡು ಏನನ್ನೋ ಹೇಳತೊಡಗಿದ. ಬಹಳ ಹೊತ್ತು ಹೇಳಿದ. ಒಮ್ಮೆ ಮಗಳ ಕಡೆ ಕೈ ತೋರಿಸಿದ, ಒಮ್ಮೆ ನನ್ನ ಕಡೆ. ಬೈಯುತ್ತಿದ್ದನೋ, ಬೇಡ ಮಗಳೇ ಹೋಗಿ ಬಾ ಎನ್ನುತ್ತಿದ್ದನೋ, ಅವನ ಮಾತು ಅವನ ಕಾಲ ಬುಡದ ನೀರಿನವರೆಗೂ ಬಂದು ನಿಲ್ಲುತ್ತಿತ್ತು. ಅವನ ಪಕ್ಕದಲ್ಲಿ ದಾಟಿಸುವವರು ಯಾರೂ ಇರಲಿಲ್ಲ. ರೋಹಿಣಿ ಸ್ವಲ್ಪ ಹೊತ್ತು ಅವನ ತುಟಿಗಳನ್ನು ನೋಡಿ, ಅನ್ನ ಆರುತ್ತದೆ ಎಂದು ಮನೆಯ ಕಡೆ ಹೊರಟಳು. ನಾನು ಅವನ ಮಾತು ಮುಗಿಯುವವರೆಗೆ ನಿಂತಿದ್ದೆ.